ಎದುರಂಗಡಿಯವನ ಸಾಕ್ಷಿ

ಅಕ್ಕಲಕೋಟದ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಲಕಾಜಪ್ಪನ ಲೆಕ್ಕದಲ್ಲಿ ಪರವೂರಿನವರೆಂದರೆ ಎರಡು ಜಾತಿ. ಗುರುವಾರಕ್ಕೊಮ್ಮೆ ಮುಂಬೈ, ಪುಣೆ ಕಡೆಯಿಂದ ಸ್ವಾಮಿಗಳ ದರ್ಶನಕ್ಕೆ ಬಂದು, ಹೋಗುವಾಗ ಒಂದು ಸೊಲ್ಲಾಪುರ ಚಾದರ, ಎರಡು ಟವೆಲ್ ಒಯ್ಯುವವರು ಒಂದು ಜಾತಿ. ಅವರು ದೇವರಂಥ ಮಂದಿ. ಬಂದವರು ಬಂದಲ್ಲೇ ಬೇರು ಬಿಟ್ಟು, ಅಂಗಡಿ ತೆಗೆದು, ಮಕ್ಕಳನ್ನು ಇಲ್ಲಿಯ ಸಾಲೆಗೆ ಹಾಕಿದರೆ ಅವರು ಇನ್ನೊಂದು ಜಾತಿ. ಊರು ಕೆಟ್ಟದ್ದೇ ಅವರಿಂದ. ಮಲಕಾಜಪ್ಪನ ಸ್ವಂತ ಅಜ್ಜ ಇಂಡಿ ಕಡೆಯಿಂದ ಒಂದು ಬಡಕಲು ಕುದುರೆಯ ಮೇಲೆ ಖಣದ ಗಂಟು ಹೇರಿಕೊಂಡು ಈ ಊರಿಗೆ ಬಂದವನು. ಈಗಿನ ನಕಾಶೆ ನೋಡಿದರೆ ಇಂಡಿ ಗಡಿಯಾಚೆಯ ಪರರಾಜ್ಯ. ಆದರೆ ಅಜ್ಜ ಬಂದಾಗ ನಕಾಶೆ ಬೇರೆ ಇತ್ತು, ಮೇಲಾಗಿ ಅಜ್ಜ ನಮ್ಮವ, ಎನ್ನುತ್ತಿದ್ದ ಮಲಕಾಜಪ್ಪ. ಇಂಥವನ ಕೂಡ ಯಾರು ವಾದ ಮಾಡಬೇಕು?

ಮನೆಗೆ ಹೊಂದಿಕೊಂಡ ಅವನ ಅಂಗಡಿಯ ಎದುರಿಗೇ, ಹದಿನೈದು ಹೆಜ್ಜೆ ದಾಟಿದರೆ, ಒಂದು ಬೇಕರಿ. ಒಂಬತ್ತು ವರ್ಷದ ಹಿಂದೆ, ಅಂದರೆ ಅರವತ್ತೊಂಬತ್ತರಲ್ಲಿ, ಕೇರಳದ ತಲಶೇರಿಯಿಂದ ಗಂಡ ಹೆಂಡತಿ ಇಬ್ಬರು ಬಂದು ಭಟ್ಟಿ ಕಟ್ಟಿದರು. ಟೋಸ್ಟು, ಖಾರಿ, ಪಾವು ಮಾಡಿ ಮಾರತೊಡಗಿದರು. ಊರವರು ಆ ಮನುಷ್ಯನನ್ನು ಮದ್ರಾಸಿ ಎಂದು ಕರೆದರು. ಮೊದಲ ವರ್ಷ ಅವನು ತಾನು ಮದ್ರಾಸಿನವನಲ್ಲವೆಂದು ಎಲ್ಲರಿಗೂ ಹೇಳಿ ನೋಡಿದ. ಎರಡನೆಯ ವರ್ಷ ಬಾಯಿ ನೋಯಿಸಿಕೊಳ್ಳುವುದನ್ನು ಬಿಟ್ಟ. ಭಟ್ಟಿಯ ಮುಂದೆ ದುಡಿಯುವ ಭಂಡಾರಕವಠೆಯ ಆಳುಗಳಿಂದ ಕನ್ನಡ ಕಲಿತ, ಗಿರಾಕಿಗಳಿಂದ ಮರಾಠಿ ಕಲಿತ. ಮರಾಠಿ ಸಾಲೆಗೆ ಹೋದ ಮಲಕಾಜಪ್ಪನ ಗಂಡುಮಕ್ಕಳಿಗೆ ಕನ್ನಡದ ಒಂದು ಸಾಲು ಓದಲು ಬಾರದು. ಮದ್ರಾಸಿ ಮಾತ್ರ ಮಠದ ಗೋಡೆಯ ಮೇಲಿನ ವಚನವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿಬಿಡುತ್ತಿದ್ದ. ಮಲಕಾಜಪ್ಪನಿಗೆ ಅದೂ ಒಂದು ಹೊಟ್ಟೆಯುರಿ.

ದೊಡ್ಡ ಉರಿ ತತ್ತಿಯದು. ಲಿಂಗ ಕಟ್ಟಿದವರ ಓಣಿಯಲ್ಲಿ ಕೂತು ಕೇಕಿಗೆ ತತ್ತಿ ಒಡೆದು ಹಾಕುತ್ತಾನೆಂದರೆ ಏನರ್ಥ? ಭಟ್ಟಿಯನ್ನು ಊರ ಹೊರಗೆ ಹಾಕಿಸಬೇಕೆಂದು ಮಲಕಾಜಪ್ಪ ಒಂದು ಅರ್ಜಿ ಬರೆಸಿ, ನಲವತ್ತೆರಡು ಸಹಿ ಕೂಡಿಸಿ, ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಐವತ್ತಾದರೆ ಪುರಸಭೆಗೆ ಒಯ್ದು ಕೊಡುವುದೆಂದು ನಿಶ್ಚಯ. ಸಹಿ ಹಾಕಿದ ನಲವತ್ತೆರಡು ಮಂದಿಯೂ ಬೆಳಗಾದರೆ ಚಹಾಕ್ಕೆ ಮದ್ರಾಸಿಯ ಟೋಸ್ಟನ್ನೇ ಅದ್ದಿ ತಿನ್ನುವವರು. ಟೋಸ್ಟಿಗೆ ತತ್ತಿ ಬೀಳುವುದಿಲ್ಲ ಎಂಬುದನ್ನು ಮಲಕಾಜಪ್ಪ ತಾನೇ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದ. ಹಾಗಾಗಿ ಟೋಸ್ಟು ದಿನಾ ಅವನ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗುತ್ತಿತ್ತು. ಅದನ್ನು ಸುಟ್ಟವನು ದಾಟಿರಲಿಲ್ಲ.

ಹೀಗಿರುವಾಗ ಒಂದು ದಿನ ಮಲಕಾಜಪ್ಪನ ಹೆಂಡತಿ ಸುಗಲಾಬಾಯಿಯ ತಮ್ಮ ಕಲ್ಲಣ್ಣ ಸೊಲ್ಲಾಪುರದಿಂದ ಒಂದು ಸಂಬಂಧದ ಸುದ್ದಿ ತಂದ. ಮಗಳು ನೀಲಗಂಗಾಗೆ ಆಗಲೇ ಇಪ್ಪತ್ತೆರಡು. ಹಿಂದೆ ಎರಡು ಸಂಬಂಧ ಬಂದು ಮುರಿದಿದ್ದವು. ಒಂದು ಬಂಗಾರದ ಮಾತಿಗೆ ಮುರಿಯಿತು, ಇನ್ನೊಂದು ಮಲಕಾಜಪ್ಪನ ಬಾಯಿಗೆ. ಈ ಸಲ ಬಂದದ್ದು ವಿಜಾಪುರ ರಸ್ತೆಯ ನೂಲಿನ ವ್ಯಾಪಾರಿಗಳ ಮನೆ. ಹುಡುಗನನ್ನು ನೀಲಗಂಗಾ ಬಳಗದ ಒಂದು ಮದುವೆಯಲ್ಲಿ ನೋಡಿದ್ದಳು. ಪಂಗತಿಯಲ್ಲಿ ಬಡಿಸುತ್ತಿದ್ದವನು ಅವಳ ಮುಂದೆ ಎರಡು ಸಲ ನಿಂತು ಹೋಳಿಗೆ ಬೇಕೇನೆಂದು ಕೇಳಿದ್ದ. ಎರಡನೆಯ ಸಲ ಕೇಳಿದ್ದು ಹೋಳಿಗೆಯ ಸಲುವಾಗಿ ಅಲ್ಲವೆಂದು ಅವಳಿಗೆ ಗೊತ್ತಿತ್ತು. "ಈ ಮನಿ ಆದ್ರ ನಾ ಒಲ್ಲೆ ಅನ್ನೂದಿಲ್ಲವ್ವಾ" ಎಂದು ತಾಯಿಯ ಮುಂದೆ ಹೇಳಿ, ನಾಚಿಕೆಯಿಂದ ಹಿತ್ತಲಿಗೆ ಓಡಿದ್ದಳು. ಮಲಕಾಜಪ್ಪನಿಗೂ ಈ ಸಂಬಂಧ ಕೈಬಿಟ್ಟರೆ ಮಗಳು ಮನೆಯಲ್ಲೇ ಉಳಿಯುತ್ತಾಳೆಂಬ ಹೆದರಿಕೆ ಎದೆಯೊಳಗೆ ಹೊಕ್ಕಿತ್ತು.

"ಎಲ್ಲಾ ಪಾಡ ಅದ ಮಾವಾರ, ಒಂದ ಮಾತ ಬಿಟ್ಟು" ಎಂದ ಕಲ್ಲಣ್ಣ. "ಹುಡುಗನ ಸೋದರತ್ತಿ ಅಕ್ಕನಾಗಮ್ಮ ಅಂತ ಅದಾಳ. ಬಲೇ ಖಡಕ್ ಹೆಣಮಗಳು. ಬೀಗರಾಗಾವ್ರ ವಿಚಾರಣಿ ಮಾಡೂದು ಆಕೀದ ಕೆಲಸ. ಆಕಿ ಹೂಂ ಅಂದ್ರ ಹೂಂ, ಊಹೂಂ ಅಂದ್ರ ಊಹೂಂ."

"ಮಾಡ್ಲಿ ಬಿಡು. ನಮ್ಮ ಬಳಗ ಏನ ಸಣ್ಣದದ? ಯಾರನ್ನ ಕೇಳಿದ್ರೂ ಹೊಗಳ್ತಾರ."

"ಅದಽ ಆಕಿ ಒಪ್ಪೂದಿಲ್ಲ. ಬಳಗದವ್ರು ಹೊಗಳ್ತಾರ, ಆಗಲಾರದವ್ರು ಬೈತಾರ, ಇಬ್ಬರನ್ನೂ ಕೇಳಬಾರ್ದು ಅಂತಾಳ. ಓಣ್ಯಾಗ ಪರಮುಲಕದಾಂವ ಯಾರರ ಇದ್ರ ನೆಟ್ಟಗ ಅವನ ಕಡಿ ಹೋಗಿ ಕುಂದರ್ತಾಳ. ಅವಂಗ ನಮ್ಮ ಬೀಗತನ ಇಲ್ಲ, ಭಾವಕಿ ಇಲ್ಲ, ಇದ್ದದ್ದು ಇದ್ದಂಗ ಹೇಳ್ತಾನ ಅಂತ."

ನಮ್ಮ ಓಣಿಯಲ್ಲಿ ಅಂಥವನು ಯಾರಿದ್ದಾನೆ ಎಂದು ಕೇಳಲು ಬಾಯಿ ತೆರೆದ ಮಲಕಾಜಪ್ಪ ಎದುರಿಗೆ ನೋಡಿದ. ಮದ್ರಾಸಿ ಬರೀ ಬನಿಯನ್ ತೊಟ್ಟು ನಿಂತು ಟೋಸ್ಟಿನ ಡಬ್ಬಿ ಒರೆಸುತ್ತಿದ್ದ.  "ಅಯ್ಯೋ ಶಿವನ!" ಎಂದ ಮಲಕಾಜಪ್ಪ.

ಅರ್ಜಿ ಅಂದೇ ಚೂರು ಚೂರಾಗಿ ನೀರೊಲೆಗೆ ಹೋಯಿತು. ಮರುದಿನ ಮಲಕಾಜಪ್ಪ ಹದಿನೈದು ಹೆಜ್ಜೆ ದಾಟಿ ಎದುರಿಗೆ ಹೋಗುವುದೆಂದಾಯಿತು. ಆದರೆ ಹೋಗಿ ಏನೆಂದು ಕರೆಯುವುದು? ಒಂಬತ್ತು ವರ್ಷದಲ್ಲಿ ಆ ಮನುಷ್ಯನ ಹೆಸರು ಯಾರೂ ಕೇಳಿರಲಿಲ್ಲ. ಹೆಂಡತಿಯನ್ನು ಕೇಳಿದ, ಮಕ್ಕಳನ್ನು ಕೇಳಿದ, ಪಾನಪಟ್ಟಿಯವನನ್ನು ಕೇಳಿದ. ಎಲ್ಲರೂ ಮದ್ರಾಸಿ ಎಂದರು. ಕೊನೆಗೆ ಟಪಾಲಿನವನನ್ನು ಅಡ್ಡಗಟ್ಟಿ ಕೇಳಿದಾಗ ಮದ್ರಾಸಿಯ ಹೆಸರು ಕಣಾರನ್ ಎಂದು ತಿಳಿಯಿತು. ಮಲಕಾಜಪ್ಪ ಅದಕ್ಕೊಂದು ಅಪ್ಪ ಸೇರಿಸಿ ನಮ್ಮ ಕಡೆಯ ಹೆಸರು ಮಾಡಿಕೊಂಡ.

"ಏನ ಕಣಾರಪ್ಪಾ, ಆರಾಮ ಅದೀಯಿಲ್ಲೊ?"

ಕಣಾರನ್ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. "ಆರಾಮ ಅದೀನ್ರಿ ಸಾವಕಾರ್ರ" ಎಂದ ಅನುಮಾನದಿಂದಲೇ.

ಮಲಕಾಜಪ್ಪ ಬೇಡದಿದ್ದರೂ ಎರಡು ಸೇರು ಖಾರಿ ಕಟ್ಟಿಸಿದ. ಮಳೆ ಬೆಳೆ ಮಾತಾಡಿದ. ಕೇರಳದಲ್ಲಿ ತೆಂಗು ಬಹಳವಂತೆ ಎಂದು ಅವನಿಗೇ ಸುದ್ದಿ ಹೇಳಿದ. ಆಮೇಲೆ ಗಂಟಲು ಸರಿ ಮಾಡಿಕೊಂಡು ವಿಷಯಕ್ಕೆ ಬಂದ. ಸೊಲ್ಲಾಪುರದಿಂದ ಒಬ್ಬ ಮುದುಕಿ ಬರುತ್ತಾಳೆ, ನಮ್ಮ ಮನೆಯ ವಿಷಯ ಕೇಳುತ್ತಾಳೆ, ಮನೆತನ ದೊಡ್ಡದು, ಕುಡಿತವಿಲ್ಲ, ಜಗಳವಿಲ್ಲ, ಹುಡುಗಿ ಬಾಯಿ ಸತ್ತವಳು, ಇಷ್ಟು ಹೇಳಬೇಕು ಎಂದ. ಕಣಾರನ್ ಬೆರಳು ಮಡಚಿ ಲೆಕ್ಕ ಹಿಡಿದ.

"ಹುಡುಗಿ ಬಾಯಿ ಸತ್ತಾಕಿ ಏನಲ್ಲ ಬಿಡ್ರಿ" ಎಂದ ನಗುತ್ತ. "ಆದ್ರ ಛಲೋ ಹುಡುಗಿ. ನಮ್ಮ ಮನಿಯಾಕಿಗಿ ಜ್ವರಾ ಬಂದಾಗ ಕಿಡಕ್ಯಾಗಿಂದ ಕೇಳಿದಾಕಿ ಈ ಓಣ್ಯಾಗ ಆಕಿ ಒಬ್ಬಾಕಿನ. ನಾ ಹೇಳ್ತೀನ್ರಿ."

ಕೆಲಸ ಇಷ್ಟು ಸಲೀಸಾಗಿ ಆಯಿತಲ್ಲ ಎಂದು ಮಲಕಾಜಪ್ಪ ಮೀಸೆ ತಿರುವಿಕೊಂಡು ಮನೆಗೆ ಬಂದ. ಸುಗಲಾಬಾಯಿಗೆ ಸಮಾಧಾನವಾಗಲಿಲ್ಲ.

"ಖಾಲಿ ಬಾಯಿಮಾತ ಯಾಕ್ರಿ? ಗಂಡಾ ಹೆಂಡತೀನ್ನ ಒಮ್ಮಿ ಮನಿಗಿ ಕರದು ಊಟಕ್ಕ ಹಾಕ್ರಿ. ಅವನ ಹೆಂಡತಿ ನಾರಾಯಣಿಗಿ ನಾ ಇಷ್ಟ ವರ್ಷದಾಗ ಒಂದಿನಾ ಕುಂಕಮಾ ಹಚ್ಚಿಲ್ಲ. ನೀವು ಬ್ಯಾಡ ಅಂದಿದ್ರಿ."

"ಒಳಗಽ? ನಿನಗ ಖಬರ್ ಅದ ಏನು? ತತ್ತಿ ಒಡಿಯೂ ಕೈ ಅದು. ಒಳಗ ಲಿಂಗಪೂಜಿ ಆಗ್ತದ."

"ಕೈ ತೊಳಕೊಂಡ ಬರ್ತಾರ್ರಿ. ಅವ್ರೇನ ದನಾ ಅದಾರೇನು?"

ಮಲಕಾಜಪ್ಪ ನಡುವೆ ಒಂದು ದಾರಿ ಹುಡುಕಿದ. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಎಲೆ ಇಟ್ಟು, ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬಡಿಸಿದರು. ಸಂತೆಯ ದಿನ, ಮಟಮಟ ಮಧ್ಯಾಹ್ನ. ಹೋಗುವವರು ಬರುವವರು ನಿಂತು ನಿಂತು ನೋಡಿದರು. ಒಂದು ಎಮ್ಮೆಯೂ ನಿಂತು ನೋಡಿತು. ನಾರಾಯಣಿ ಬರಲಿಲ್ಲ. ಕಣಾರನ್ ತಲೆ ತಗ್ಗಿಸಿ ಗಬಗಬ ಉಂಡು ಎದ್ದ. ಅಡಿಗೆ ಛಲೋ ಆಗಿದೆಯೆಂದು ಅವ್ವಗೆ ಹೇಳಿರೆಂದ. ಇಡೀ ಬಜಾರಿನೆದುರು ಇಷ್ಟು ಮಾನ ಕೊಟ್ಟೆನಲ್ಲ, ನನ್ನಂಥ ದೊಡ್ಡ ಮನಸ್ಸಿನವ ಈ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ ಎಂದು ಮಲಕಾಜಪ್ಪನಿಗೆ ತನ್ನ ಬಗ್ಗೆಯೇ ಕಣ್ಣು ತುಂಬಿ ಬಂದಿತು.

ನಾಲ್ಕು ದಿನ ಬಿಟ್ಟು ಅಕ್ಕನಾಗಮ್ಮ ಸೊಲ್ಲಾಪುರದ ಎಸ್ಟಿ ಬಸ್ಸು ಇಳಿದಳು. ಗಟ್ಟಿ ಹೆಂಗಸು, ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಚೀಲ. ಕಲ್ಲಣ್ಣ ಹೇಳಿದ ಹಾಗೇ ಯಾರ ಮನೆಗೂ ಹೋಗದೆ ನೆಟ್ಟಗೆ ಬೇಕರಿಯ ಬಾಕಿನ ಮೇಲೆ ಕೂತು, ಚಹಾ ತರಿಸಿಕೊಂಡು ಕುಡಿದಳು. ಮಲಕಾಜಪ್ಪ ತೂಗುಹಾಕಿದ ಇಳಕಲ್ ಸೀರೆಗಳ ಸಂದಿಯಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ. ಬಜಾರಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಕಣಾರನ್ ಒಂದೊಂದೇ ಬೆರಳು ಮಡಚುತ್ತಿದ್ದದ್ದು ಕಾಣಿಸಿತು. ಮನೆತನ, ಕುಡಿತ, ಜಗಳ. ಭಲೇ, ಭಲೇ! ಮುದುಕಿಯ ತಲೆ ಅಲ್ಲಾಡಿತು. ಆಮೇಲೆ ಅವಳು ಏನೋ ಕೇಳಿದಳು. ಕಣಾರನ್ ಮಡಚಿದ ಬೆರಳು ಬಿಟ್ಟ. ಮಲಕಾಜಪ್ಪನ ಮನೆಯ ಕಡೆ ಒಮ್ಮೆ ನೋಡಿ ತಲೆಯನ್ನು ಅಡ್ಡಡ್ಡ ಆಡಿಸಿದ. ಮತ್ತೆ ಕೇಳಿದಳು. ಮತ್ತೆ ಅಡ್ಡಡ್ಡ ಆಡಿಸಿದ. ಮುದುಕಿ ಕಪ್ಪು ಕೆಳಗಿಟ್ಟು, ಚೀಲ ಎತ್ತಿಕೊಂಡು, ಬಂದ ದಾರಿಯಲ್ಲೇ ಸ್ಟ್ಯಾಂಡಿನ ಕಡೆ ನಡೆದಳು. ಒಳಗೆ ಸುಗಲಾಬಾಯಿ ಅವಳಿಗೆಂದು ಸಜ್ಜಕ ಮಾಡಿಟ್ಟು ಕಾಯುತ್ತಿದ್ದಳು.

ಮೂರನೆಯ ದಿನ ಕಲ್ಲಣ್ಣ ಮುಖ ಇಳಿಸಿಕೊಂಡು ಬಂದ.

"ಆಗೂದಿಲ್ಲಂತ ಮಾವಾರ. ಮನ್ಯಾಗ ಏನೋ ಮುಚ್ಚಿಟ್ಟೀರಿ ಅಂತಾಳ."

"ಏನ ಮುಚ್ಚಿಟ್ಟೀನಿ ನಾ?"

"ಹುಚ್ಚ ಹಿಡದಾವ್ರು ಇರಬೇಕು, ಇಲ್ಲಾ ಮೈಮ್ಯಾಲ ತೊನ್ನ ಇದ್ದಾವ್ರು ಇರಬೇಕು ಅಂತಾಳ. ಇಲ್ಲಂದ್ರ ಎದುರ ಕುಂತ ಮನಷ್ಯಾನ್ನ ಒಂಬತ್ತ ವರ್ಷ ಯಾರರ ಹೊಸ್ತಿಲ ಹೊರಗ ಇಡ್ತಾರೇನು, ಊಟಕ್ಕ ಕರದ್ರೂ ಬೀದ್ಯಾಗ ಉಣಸ್ತಾರೇನು ಅಂತ ಕೇಳ್ತಾಳ. ನಾ ಏನ ಹೇಳ್ಲಿ?"

ಬಾಗಿಲ ಮರೆಯಲ್ಲಿ ನಿಂತಿದ್ದ ನೀಲಗಂಗಾಗೆ ಎಲ್ಲ ಕೇಳಿಸಿತು. ಅವತ್ತು ಅವಳು ಉಣ್ಣಲಿಲ್ಲ. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮಗಳ ಅಳು ಕೇಳಿ ಮಲಕಾಜಪ್ಪನ ಕರುಳಿಗೂ ಬೆಂಕಿ ಬಿತ್ತು. ಆ ಬೆಂಕಿಯನ್ನು ಅವನು ಎಲ್ಲಿಗೆ ಒಯ್ಯಬೇಕೋ ಅಲ್ಲಿಗೇ ಒಯ್ದ. ಧೋತರದ ಅಂಚು ಎತ್ತಿ ಹಿಡಿದು ಬೀದಿ ದಾಟಿದ.

"ಏ ಮದ್ರಾಸೀ! ಉಂಡ ಮನಿಗಿ ಎರಡ ಬಗದೆಲ್ಲೋ!"

ಕಣಾರನ್ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. "ನೀವು ಹೇಳಿದ್ದೆಲ್ಲಾ ಹೇಳೀನ್ರಿ. ಹುಡುಗಿ ಬಂಗಾರದಂಥಾಕಿ ಅಂತ ನೀವು ಹೇಳಲಾರದ್ದೂ ಹೇಳೀನಿ. ಆಮ್ಯಾಲ ಆಯಿ ಕೇಳಿದಳು, ಅವ್ರ ಅಡಗಿಮನಿ ಯಾವ ಕಡಿ ಅದ, ಒಳಗ ಯಾರ್ಯಾರ ಇರ್ತಾರ, ದೇವರ ಖೋಲಿ ಎಂಥಾದ್ದದ ಅಂತ. ನನಗೇನ ಗೊತ್ತು? ಒಂಬತ್ತ ವರ್ಷದಾಗ ಒಳಗ ಹೋಗಿಲ್ಲ, ಉಂಡದ್ದೂ ಕಟ್ಟಿ ಮ್ಯಾಲ ಅಂದೆ."

"ಏನರ ಒಂದ ಸುಳ್ಳ ಹೇಳಬೇಕಾಗಿತ್ತಲ್ಲೊ! ಅಷ್ಟೂ ಬುದ್ಧಿ ಇಲ್ಲೇನು?"

"ಆ ಹುಡುಗೀ ಸಲಾಕ ಸುಳ್ಳೂ ಹೇಳತಿದ್ದೆ ಸಾವಕಾರ್ರ. ಸುಳ್ಳ ಹೇಳಾಕೂ ಒಳಗ ಏನ ಅದ ಅನ್ನೂದು ಒಂದೀಟರ ಗೊತ್ತಿರಬೇಕಲ್ರಿ."

ಪಾನಪಟ್ಟಿಯವನು ಕಿಸಕ್ಕೆಂದು ನಕ್ಕ. ಮಲಕಾಜಪ್ಪ ಎತ್ತಿ ಹಿಡಿದ ಧೋತರದ ಅಂಚು ಕೆಳಗೆ ಬಿಟ್ಟು ಅಂಗಡಿಗೆ ಹಿಂದಿರುಗಿದ. 

ಮುದುಕಿಯ ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗಿ ವಾರದೊಳಗೆ ಬಳಗದ ತುಂಬ ಆಯಿತು. ಮಲಕಾಜಪ್ಪನ ಮಾಳಿಗೆಯ ಮೇಲೆ ಒಬ್ಬ ಹುಚ್ಚು ಕಾಕಾನನ್ನು ಸರಪಳಿಯಲ್ಲಿ ಕಟ್ಟಿದ್ದಾರೆಂದು ಕೆಲವರು, ಅಮಾವಾಸ್ಯೆಗೆ ಅವನು ಕೂಗುವುದನ್ನು ತಾವು ಕೇಳಿದ್ದೇವೆಂದು ಇನ್ನು ಕೆಲವರು. ಆ ಮನೆಗೆ ಮಾಳಿಗೆಯೇ ಇರಲಿಲ್ಲ! ಇನ್ನು ಯಾರೇ ಹೆಣ್ಣು ಕೇಳಿಕೊಂಡು ಬಂದರೂ ಮೊದಲು ಎದುರಂಗಡಿಗೇ ಹೋಗುತ್ತಾರೆ, ಏನಾದರೂ ಮಾಡಿರಿ ಎಂದು ಸುಗಲಾಬಾಯಿ ಗಂಡನ ಬೆನ್ನು ಹತ್ತಿದಳು. ಕೊನೆಗೆ ಮಲಕಾಜಪ್ಪ ಹಲ್ಲು ಕಚ್ಚಿ ಕಣಾರನ್‌ನನ್ನೂ ನಾರಾಯಣಿಯನ್ನೂ ಒಳಗೆ ಕರೆಸಿದ.

ಇಬ್ಬರೂ ಮಿಂದು ಮಡಿ ಉಟ್ಟು ಬಂದರು. ನಾರಾಯಣಿ ಕೈಯಲ್ಲಿ ಬಾಳೆಹಣ್ಣು ಹಿಡಿದಿದ್ದಳು. ಮಲಕಾಜಪ್ಪ ಹೊಸ್ತಿಲಲ್ಲೇ ಅವನ್ನು ಇಸಿದುಕೊಂಡು ಮುಂದೆ ನಡೆದ. ಜಪ್ತಿಗೆ ಬಂದ ಅಮಲ್ದಾರನಿಗೆ ತೋರಿಸಿದ ಹಾಗೆ ಒಂದೊಂದೇ ಖೋಲಿಯ ಬಾಗಿಲು ತೆರೆದು ತೋರಿಸಿದ. ಜೋಳದ ಚೀಲ ಸರಿಸಿ ಹಿಂದೆ ನೋಡಿರೆಂದ. ಹಾಸಿಗೆಯ ಗಂಟು ಬಿಚ್ಚಿದ. ಟ್ರಂಕಿನ ಮುಚ್ಚಳ ಎತ್ತಿದ. ಬಚ್ಚಲನ್ನೂ ಬಿಡಲಿಲ್ಲ.

"ಯಾರರ ಕಂಡ್ರೇನು?"

"ಇಲ್ರಿ."

"ಹುಚ್ಚ ಗಿಚ್ಚ?"

"ಯಾರೂ ಇಲ್ರಿ ಸಾವಕಾರ್ರ."

"ಹಾಂ. ಇದನ್ನ ನೆಪ್ಪ ಇಟಗೋರಿ. ಅಡಗಿಮನಿ ಮೂಡಲ ಕಡಿ. ಬಾವಿ ಹಿತ್ತಲದಾಗ. ಮರೀಬ್ಯಾಡ್ರಿ."

ಅಷ್ಟರಲ್ಲಿ ನೀಲಗಂಗಾ ತಾಟಿನಲ್ಲಿ ಎರಡು ಕಪ್ಪು ಚಹಾ ಹಿಡಿದು ಅಡಿಗೆಮನೆಯಿಂದ ಬಂದಳು. ಮಲಕಾಜಪ್ಪ ಆಗಲೇ ಇಬ್ಬರನ್ನೂ ಪಡಸಾಲೆ ದಾಟಿಸಿ ಹೊರಬಾಗಿಲಿಗೆ ತಂದಿದ್ದ. ಚಹಾ ಆಮೇಲೆ ಎಂದು ಮಗಳಿಗೆ ಕೈಸನ್ನೆ ಮಾಡಿದ. ಮನೆಯ ಕಪ್ಪಿಗೆ ಅವರ ಬಾಯಿ ಹತ್ತಿದರೆ ಆ ಕಪ್ಪನ್ನು ಮುಂದೆ ಏನು ಮಾಡುವುದೆಂಬ ಚಿಂತೆ ಅವನಿಗೆ. ನಾರಾಯಣಿ ತಿರುಗಿ ಹುಡುಗಿಯ ಕೈಯಲ್ಲಿದ್ದ ಕಪ್ಪುಗಳನ್ನು ನೋಡಿದಳು. ಮೆಟ್ಟಿಲಿಳಿದಳು.

ಒಂದೂವರೆ ತಿಂಗಳಿಗೆ ದುಧನಿಯ ಅಡತಿ ವ್ಯಾಪಾರಿ ಭೀಮಶಾ ತನ್ನ ಮಗನ ಸಲುವಾಗಿ ವಿಚಾರಣೆಗೆ ಬಂದ. ಹುಚ್ಚು ಕಾಕಾನ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಹಾಗಾಗಿ ಅವನೂ ಬೇಕರಿಯ ಬಾಕಿನ ಮೇಲೆಯೇ ಕೂತ. ಅವತ್ತು ಬಜಾರಿನಲ್ಲಿ ಗಿರಾಕಿಗಳಿರಲಿಲ್ಲ, ಮಾತು ಈಚೆಗೆ ನಿಚ್ಚಳವಾಗಿ ಕೇಳುತ್ತಿತ್ತು. ಸೀರೆಗಳ ಮರೆಯಲ್ಲಿ ಮಲಕಾಜಪ್ಪ ನಿಂತಿದ್ದ. ಅವನ ಬೆನ್ನ ಹಿಂದೆ, ಮನೆಯೊಳಗಿನಿಂದ ಅಂಗಡಿಗೆ ಬರುವ ಬಾಗಿಲಲ್ಲಿ, ನೀಲಗಂಗಾ ನಿಂತಿದ್ದಳು.

"ಅವ್ರ ಮನಿ ನೋಡಿಯೇನಪಾ?" ಭೀಮಶಾ ಕೇಳಿದ.

"ಎಲ್ಲಾ ನೋಡೀನ್ರಿ. ಆರ ಖೋಲಿ. ಅಡಗಿಮನಿ ಮೂಡಲಕ್ಕ. ಹುಚ್ಚ ಇಲ್ಲ, ಜಡ್ಡ ಇಲ್ಲ. ಮಂದಿ ಸುಳ್ಳ ಹಬ್ಬಿಸ್ಯಾರ."

ಮಲಕಾಜಪ್ಪ ಉಸಿರು ಬಿಟ್ಟ. ನನ್ನ ಯುಕ್ತಿ ಹೇಗಿದೆ ನೋಡು ಎನ್ನುವಂತೆ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದ.

"ಛಲೋ ಆತು. ಹುಡುಗಿ?"

"ಅಂಥಾ ಹುಡುಗಿ ನಿಮಗ ಹುಡಕಿದ್ರೂ ಸಿಗೂದಿಲ್ರಿ."

"ಮತ್ತ ಹಿರ್ಯಾರು? ಮನಿಗಿ ಬಂದವ್ರ ಜೋಡಿ ಹೆಂಗ ಇರ್ತಾರ?"

ಕಣಾರನ್ ಕೈಯ ಹಿಟ್ಟು ಒರೆಸಿಕೊಂಡ. 

"ಖರೇ ಹೇಳ್ಲೇನ್ರಿ?"

"ಖರೇ ಕೇಳಾಕ ಇಷ್ಟ ದೂರ ಬಂದೀನಪಾ."

"ಮನಿ ಎಲ್ಲಾ ತೋರಸಿದ್ರು. ಬಚ್ಚಲಾ ಸೈತ ತೋರಸಿದ್ರು. ಕುಂದರ್ರಿ ಅಂತ ಅನಲಿಲ್ರಿ."

ಭೀಮಶಾ ಕೊಡೆ ಕೈಗೆ ತೆಗೆದುಕೊಂಡು ಎದ್ದ. "ನಾಳಿ ನಮ್ಮ ಮನಿ ಹೆಣಮಕ್ಕಳು ಬೀಗಿತ್ತೇರಾಗಿ ಬಂದ್ರ ಬಾಗಲದಾಗ ನಿಂದರಬೇಕಾದೀತು" ಎಂದು ತನ್ನಷ್ಟಕ್ಕೇ ಎಂಬಂತೆ ಅಂದು, ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ.

"ಹರಾಮಖೋರ!" ಎಂದು ಮಲಕಾಜಪ್ಪ ಹಲ್ಲು ಕಡಿದ.

"ಅವ್ರು ಸುಳ್ಳ ಹೇಳಿದ್ರೇನಪ್ಪಾ?" ನೀಲಗಂಗಾ ಕೇಳಿದಳು.  "ಹೇಳ್ರಿ, ಅದರಾಗ ಸುಳ್ಳ ಯಾವದು?"

ಅವನು ಬಾಯಿ ತೆರೆಯುವುದರೊಳಗೆ ಅವಳು ಸೆರಗು ತಲೆಗೆಳೆದುಕೊಂಡು, ಅಪ್ಪನನ್ನು ಸರಿಸಿ, ಕಟ್ಟೆ ಇಳಿದು, ಹಾಡಹಗಲಲ್ಲಿ ಬೀದಿ ದಾಟಿದಳು. ಪಾನಪಟ್ಟಿಯವನು ಸುಣ್ಣ ಹಚ್ಚುವುದನ್ನು ನಿಲ್ಲಿಸಿದ. ದರ್ಜಿಯ ಮಿಷನ್ ನಿಂತಿತು. ಸ್ಟ್ಯಾಂಡಿನ ಮೂಲೆಯವರೆಗೆ ಹೋಗಿದ್ದ ಭೀಮಶಾ ಕೂಡ ನಿಂತು ತಿರುಗಿ ನೋಡಿದ.

"ಕಾಕಾ, ಕಾಕೂನ್ನ ಕರಕೊಂಡ ಮನಿಗಿ ಬರ್ರಿ. ಇವತ್ತ ನಮ್ಮಲ್ಲೇ ಉಣ್ರಿ, ಅಡಗಿಮನ್ಯಾಗ" ಎಂದಳು ನೀಲಗಂಗಾ.

ಕಣಾರನ್ ಅವಳ ತಲೆಯ ಮೇಲಿನಿಂದ ಆಚೆ ಮಲಕಾಜಪ್ಪನ ಕಡೆ ನೋಡಿದ. "ಸಾವಕಾರ್ರು ಏನಂತಾರವಾ?"

ಇಡೀ ಬಜಾರು ಮಲಕಾಜಪ್ಪನ ಬಾಯಿ ನೋಡುತ್ತಿತ್ತು. ಬರ್ರಿ ಎನ್ನಬೇಕು, ಅಷ್ಟೇ. ಗುರುವಾರ ಬಂದರೆ ಗುರುತಿಲ್ಲದ ಮಂದಿಗೆ ದಿನಕ್ಕೆ ಇನ್ನೂರು ಸಲ ಕೂಗಿ ಕೂಗಿ ಹೇಳುವ ಮಾತು ಅದು. ಹೇಳಿದರೆ ಮಗಳ ಬಾಳು ನೆಟ್ಟಗಾದೀತೆಂದು ಅವನಿಗೆ ಗೊತ್ತಿತ್ತು. ದುಧನಿಯ ಬೀಗ ಅಲ್ಲೇ ನಿಂತು ನೋಡುತ್ತಿದ್ದಾನೆಂದೂ ಗೊತ್ತಿತ್ತು.  ಆದರೂ "ನೋಡೂಣು, ಮುಂದ ಎಂದರ..." ಎಂದು ಏನೋ ಗೊಣಗಿ, ಗಜಕಡ್ಡಿ ಎತ್ತಿಕೊಂಡು, ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ ಲಾಂಗ್‌ಕ್ಲಾಥ್ ಅಳೆಯಲು ಸುರುಮಾಡಿದ.

ಕಣಾರನ್ ತಲೆ ತಗ್ಗಿಸಿದ. "ಇರ್ಲಿ ತಂಗೀ. ಭಟ್ಟಿ ಉರ್ಯಾಕ ಹತ್ತೇದ, ನನಗ ಬರಾಕ ಆಗೂದಿಲ್ಲ" ಎಂದ.

ನೀಲಗಂಗಾ ಹಿಂದಿರುಗಲಿಲ್ಲ. "ಹಂಗಾರ ನನಗ ಇಲ್ಲೇ ಉಣ್ಣಾಕ ಹಾಕ್ರಿ. ಹಸಿವ್ಯಾಗೇದ" ಎಂದಳು.

ಒಳಗಿನ ಪರದೆ ಸರಿಯಿತು. ನಾರಾಯಣಿ ಹೊರಗೆ ಬಂದು ಹುಡುಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮಣೆ ಎಳೆದ ಸಪ್ಪಳ ಬಂತು. "ಕುಂದ್ರು ಮಗಳ" ಎಂದು ಅವಳು ಅಂದದ್ದು ಈಚೆಯ ಬಟ್ಟೆ ಅಂಗಡಿಯವರೆಗೂ ಕೇಳಿಸಿತು.